ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ: ದೂರ ಎಷ್ಟು, ನಿಜವಾಗಿ ಹಿಡಿಯುವ ಹೊತ್ತೆಷ್ಟು?

ಪ್ರಶ್ನೆ: ಸರ್, ನಾನು ಶಿವಮೊಗ್ಗದವನು, ನಿವೃತ್ತ ಮೇಷ್ಟ್ರು, ವಯಸ್ಸು 67. ಮಗಳು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರ ಇದ್ದಾಳೆ. ನಾನೂ ನನ್ನ ಹೆಂಡತಿಯೂ ಜನವರಿಯಲ್ಲಿ ಮೊದಲ ಸಲ ಹೊರಟಿದ್ದೇವೆ. ಮಗಳು ಎರಡು ದಾರಿ ಹುಡುಕಿ ಕಳಿಸಿದ್ದಾಳೆ. ಒಂದು ನೇರ ವಿಮಾನ, ಇನ್ನೊಂದು ದುಬೈ ಮೇಲೆ. ನೇರ ವಿಮಾನದ ಚೀಟಿಯಲ್ಲಿ ಮಧ್ಯಾಹ್ನ 2:30ಕ್ಕೆ ಬೆಂಗಳೂರು ಬಿಟ್ಟು ಅದೇ ದಿನ ಸಂಜೆ 5ಕ್ಕೆ ಅಲ್ಲಿ ಇಳಿಯುವುದು ಅಂತಿದೆ. ವಾಪಸ್ ಬರುವಾಗ ಶನಿವಾರ ರಾತ್ರಿ ಹೊರಟರೆ ಸೋಮವಾರ ಬೆಳಗಿನ ಜಾವ! ದೂರ ಒಂದೇ ಅಲ್ಲವೇ? ನಿಜವಾಗಿ ಎಷ್ಟು ಕಿಲೋಮೀಟರ್, ಎಷ್ಟು ಗಂಟೆ? ಹೆಂಡತಿಗೆ ಸಕ್ಕರೆ ಕಾಯಿಲೆ, ಮಂಡಿ ನೋವು ಬೇರೆ. ಯಾವ ದಾರಿ ಒಳ್ಳೆಯದು?

ಉತ್ತರ: ನಮಸ್ಕಾರ ಮೇಷ್ಟ್ರೇ. ನಾನು ಬಹಳ ವರ್ಷ ಫ್ಲೈಟ್ ಡಿಸ್ಪ್ಯಾಚರ್ ಆಗಿ ಕೆಲಸ ಮಾಡಿದವನು. ಅಂದರೆ ವಿಮಾನ ಹೊರಡುವ ಮುಂಚೆ ಯಾವ ದಾರಿ, ಎಷ್ಟು ಇಂಧನ, ಎಲ್ಲೆಲ್ಲಿ ಎಂಥ ಗಾಳಿ ಅಂತ ಲೆಕ್ಕ ಹಾಕಿ ಪೈಲಟ್ ಕೈಗೆ ಕೊಡುವ ಕೆಲಸ. ನೀವು ಕೇಳಿದ ಪ್ರಶ್ನೆಯನ್ನು ಊರಿಗೆ ಹೋದಾಗಲೆಲ್ಲ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ನೇರ ಉತ್ತರ. ದೂರ ಸುಮಾರು 14,000 ಕಿ.ಮೀ. ಹೋಗುವಾಗ ಹೆಚ್ಚುಕಮ್ಮಿ 16 ಗಂಟೆ, ಬರುವಾಗ 17ರಿಂದ 17:45. ಚೀಟಿಯಲ್ಲಿ ಕಾಣುವ ಎರಡೂವರೆ ಗಂಟೆಯೂ ನಿಜವಲ್ಲ, ಎರಡು ದಿನವೂ ನಿಜವಲ್ಲ. ಅವೆರಡೂ ಗಡಿಯಾರದ ಆಟ.

ಗಡಿಯಾರದ ವಿಷಯ ಮುಗಿಸಿಬಿಡೋಣ. ಟಿಕೆಟ್ ಮೇಲೆ ಹೊರಡುವ ಹೊತ್ತು ಹೊರಡುವ ಊರಿನದು, ಇಳಿಯುವ ಹೊತ್ತು ಇಳಿಯುವ ಊರಿನದು. ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ ಇರುತ್ತದೆ. ನೀವು ದೇವನಹಳ್ಳಿಯಲ್ಲಿ ಮಧ್ಯಾಹ್ನ 2:30ಕ್ಕೆ ಹೊರಟಾಗ ಅಲ್ಲಿ ಅದೇ ದಿನದ ರಾತ್ರಿ 1 ಗಂಟೆ. ಮಗಳು ಮಲಗಿರುತ್ತಾಳೆ. ಅದಕ್ಕೆ 16 ಗಂಟೆ ಸೇರಿಸಿ, ಸಂಜೆ 5 ಆಯಿತು ಅಲ್ವಾ? ಬರುವಾಗ ಶನಿವಾರ ರಾತ್ರಿ 8:30ಕ್ಕೆ ಹೊರಟರೆ ಶಿವಮೊಗ್ಗದಲ್ಲಿ ಆಗಲೇ ಭಾನುವಾರ ಬೆಳಿಗ್ಗೆ 10. ಅದಕ್ಕೆ ಹದಿನೇಳೂವರೆ ಗಂಟೆ ಸೇರಿಸಿದರೆ ಸೋಮವಾರ ಬೆಳಗಿನ ಜಾವ 3:30. ನಿಮ್ಮ ಭಾನುವಾರ ಪೂರ್ತಿ ಆಕಾಶದಲ್ಲೇ ಕಳೆಯುತ್ತದೆ, ಅಷ್ಟೇ.

ದಿನಾ ಫೋನ್ ಮಾಡುವುದಕ್ಕೆ ಒಂದು ಸುಲಭದ ಲೆಕ್ಕ ಹೇಳುತ್ತೇನೆ, ಇಟ್ಟುಕೊಳ್ಳಿ. ನಮ್ಮ ಸಮಯದಿಂದ ಒಂದೂವರೆ ಗಂಟೆ ಕಳೆದು ಹಗಲನ್ನು ರಾತ್ರಿ ಮಾಡಿ, ರಾತ್ರಿಯನ್ನು ಹಗಲು ಮಾಡಿ. ಇಲ್ಲಿ ರಾತ್ರಿ 8 ಅಂದರೆ ಅಲ್ಲಿ ಬೆಳಿಗ್ಗೆ 6:30. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದ ತನಕ ಅವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ. ಆಗ ಒಂದೂವರೆ ಬದಲು ಅರ್ಧ ಗಂಟೆ ಕಳೆದರೆ ಸಾಕು. ನೀವು ಆರು ತಿಂಗಳು ಇರುವುದಾದರೆ ಮಾರ್ಚ್‌ನಲ್ಲಿ ಈ ಬದಲಾವಣೆ ಅಲ್ಲೇ ನೋಡುತ್ತೀರಿ.

ಈಗ ದೂರದ ವಿಷಯ. ನನಗೆ ಇದು ಬಹಳ ಇಷ್ಟದ ಭಾಗ.

ಶಾಲೆಯ ಗೋಡೆಯ ಮೇಲಿನ ಪ್ರಪಂಚದ ನಕ್ಷೆ ನೆನಪಿಸಿಕೊಳ್ಳಿ. ಅದರಲ್ಲಿ ಬೆಂಗಳೂರಿನಿಂದ ಪೂರ್ವಕ್ಕೆ ಸ್ಕೇಲ್ ಇಟ್ಟು ಗೆರೆ ಎಳೆದು, ಪೆಸಿಫಿಕ್ ದಾಟಿ ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟಿದರೆ ಆ ಗೆರೆಯ ಉದ್ದ ಸುಮಾರು 16,100 ಕಿ.ಮೀ. ಆಗುತ್ತದೆ. ಹಾಗಾದರೆ 14,000 ಎಲ್ಲಿಂದ ಬಂತು? ಒಂದು ದೊಡ್ಡ ಮೂಸಂಬಿ ತಗೊಳ್ಳಿ. ತೊಟ್ಟಿನ ಕಡೆ ಉತ್ತರ ಧ್ರುವ. ಹೊಟ್ಟೆಯ ಸುತ್ತ ಪೆನ್ನಿನಲ್ಲಿ ಒಂದು ಗೆರೆ ಹಾಕಿ, ಅದು ಭೂಮಧ್ಯರೇಖೆ. ಆ ಗೆರೆಯಿಂದ ತೊಟ್ಟಿನ ಕಡೆಗೆ ಏಳರಲ್ಲಿ ಒಂದು ಪಾಲು ಮೇಲೆ ಒಂದು ಗುಂಡುಸೂಜಿ ಚುಚ್ಚಿ, ಅದು ಬೆಂಗಳೂರು. ಹಣ್ಣನ್ನು ಹೆಚ್ಚುಕಮ್ಮಿ ಅರ್ಧ ಸುತ್ತು ತಿರುಗಿಸಿ, ಪೂರ್ತಿ ಅರ್ಧ ಬೇಡ, ಸ್ವಲ್ಪ ಕಮ್ಮಿ, ಗೆರೆಯಿಂದ ತೊಟ್ಟಿಗೆ ಅರ್ಧಕ್ಕಿಂತ ತುಸು ಕೆಳಗೆ ಇನ್ನೊಂದು ಸೂಜಿ ಚುಚ್ಚಿ. ಅದು ಸ್ಯಾನ್ ಫ್ರಾನ್ಸಿಸ್ಕೋ. ಈಗ ಎರಡು ಸೂಜಿಗೂ ಹೂ ಕಟ್ಟುವ ದಾರ ಸುತ್ತಿ ಬಿಗಿಯಾಗಿ ಎಳೆಯಿರಿ. ದಾರ ಹೊಟ್ಟೆಯ ಸುತ್ತ ನಿಲ್ಲುವುದೇ ಇಲ್ಲ. ಜಾರಿ ಜಾರಿ ತೊಟ್ಟಿನ ಹತ್ತಿರಕ್ಕೆ ಹೋಗಿ ಕೂರುತ್ತದೆ. ಆ ಬಿಗಿ ದಾರವೇ ಅತಿ ಹತ್ತಿರದ ದಾರಿ. ವೃತ್ತಿಯಲ್ಲಿ ನಾವು ಅದನ್ನು ಗ್ರೇಟ್ ಸರ್ಕಲ್ ಅನ್ನುತ್ತೇವೆ.

ಈ ದಾರ ಭೂಮಿಯ ಮೇಲೆ ಎಲ್ಲೆಲ್ಲಿ ಹೋಗುತ್ತದೆ ಅಂತ ಲೆಕ್ಕ ಹಾಕಿದರೆ ಆಶ್ಚರ್ಯ ಆಗುತ್ತದೆ. ಅಮೆರಿಕಕ್ಕೆ ಹೊರಟ ವಿಮಾನ ಪೂರ್ವಕ್ಕೂ ಅಲ್ಲ, ಪಶ್ಚಿಮಕ್ಕೂ ಅಲ್ಲ, ಉತ್ತರದಿಂದ ಪೂರ್ವಕ್ಕೆ ಇಪ್ಪತ್ತೇ ಡಿಗ್ರಿ ವಾಲಿ ಹೊರಡಬೇಕು. ವಾರಂಗಲ್ ಕಡೆ, ಛತ್ತೀಸಗಡ, ಪೂರ್ವ ಉತ್ತರ ಪ್ರದೇಶ, ನೇಪಾಳ, ಟಿಬೆಟ್, ಮಂಗೋಲಿಯಾದ ಪಶ್ಚಿಮ ಅಂಚು, ಅಲ್ಲಿಂದ ಸೈಬೀರಿಯಾ. ಸೈಬೀರಿಯಾದ ಉತ್ತರ ತೀರದಾಚೆ, 71 ಡಿಗ್ರಿ ಅಕ್ಷಾಂಶದ ಹತ್ತಿರ ತನ್ನ ಉತ್ತರದ ಕೊನೆ ಮುಟ್ಟಿ, ಅಲ್ಲಿಂದ ಅಲಾಸ್ಕಾ ಮೇಲೆ ದಕ್ಷಿಣಕ್ಕೆ ತಿರುಗಿ ಕ್ಯಾಲಿಫೋರ್ನಿಯಾ. ಇನ್ನೂ ಒಂದು ಸೊಗಸಾದ ವಿಷಯ ಇದೆ. ಸರಿಯಾಗಿ ಉತ್ತರ ಧ್ರುವದ ನೆತ್ತಿಯ ಮೇಲೇ ಹಾದು ಹೋದರೂ ಈ ದೂರ ಜಾಸ್ತಿಯಾಗುವುದು 400 ಕಿ.ಮೀ.ಗಿಂತ ಕಮ್ಮಿ. ಯಾಕೆ ಅಂದರೆ ಈ ಎರಡು ಊರುಗಳು ಭೂಮಿಯ ಆಚೆ ಒಂದು, ಈಚೆ ಒಂದು ಇದ್ದಂತೆ ಇವೆ. ಧ್ರುವ ಎರಡಕ್ಕೂ ನಡುವಿನ ಗುಡ್ಡದ ತುದಿ ಇದ್ದ ಹಾಗೆ.

ಅದಕ್ಕೇ 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ಊರುಗಳ ನಡುವೆ ಮೊದಲ ನೇರ ವಿಮಾನ ಹಾರಿಸಿದಾಗ ಅದು ಉತ್ತರ ಧ್ರುವದ ಮೇಲೆ ಬಂದದ್ದು. ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು 11ರ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯಿತು. ಕಾಕ್‌ಪಿಟ್‌ನಲ್ಲಿ ನಾಲ್ಕೂ ಜನ ಹೆಣ್ಣುಮಕ್ಕಳು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳು, ಜೊತೆಗೆ ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನವರೆ, ಶಿವಾನಿ ಮನ್ಹಾಸ್. ನಮ್ಮಂಥ ಕೆಲಸದವರಿಗೆ ಅದು ಹಬ್ಬದ ದಿನ ಇದ್ದ ಹಾಗಿತ್ತು.

ಆದರೆ ದಾರ ಎಳೆದಲ್ಲೆಲ್ಲ ವಿಮಾನ ಹಾರುವುದಿಲ್ಲ ಮೇಷ್ಟ್ರೇ. ಟಿಬೆಟ್ ತೊಡಕಿನ ಜಾಗ. ವಿಮಾನದೊಳಗಿನ ಗಾಳಿಯ ಒತ್ತಡ ಎಲ್ಲಾದರೂ ಸೋರಿಹೋದರೆ ಪೈಲಟ್ ಕೂಡಲೇ 10,000 ಅಡಿಗೆ ಇಳಿಯಬೇಕು. ಸೀಟಿನ ಮೇಲಿಂದ ಬೀಳುವ ಆಕ್ಸಿಜನ್ ಮುಖವಾಡದಲ್ಲಿ ಗಾಳಿ ಬರುವುದು ಸಾಮಾನ್ಯವಾಗಿ ಹನ್ನೆರಡು-ಹದಿನೈದು ನಿಮಿಷದ ಲೆಕ್ಕದಲ್ಲಿ. ಕೆಳಗೆ ನೆಲವೇ 15,000 ಅಡಿ ಎತ್ತರ, ಅದರ ಮೇಲೆ 20,000 ಅಡಿಯ ಬೆಟ್ಟಗಳು. ಎಲ್ಲಿಗೆ ಇಳಿಯುವುದು? ಹಾಗಾಗಿ ಬಹುಪಾಲು ವಿಮಾನಗಳು ಆ ಪ್ರಸ್ಥಭೂಮಿಯನ್ನು ಬಳಸಿಕೊಂಡೇ ಹೋಗುತ್ತವೆ. ಆಮೇಲೆ ದೇಶಗಳ ಜಗಳ. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕದ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಯುನೈಟೆಡ್ ಏರ್‌ಲೈನ್ಸ್ 2020ರಲ್ಲೇ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ನೇರ ವಿಮಾನ ಘೋಷಿಸಿತ್ತು, ಅದು ಹಾರಲೇ ಇಲ್ಲ. ರಷ್ಯಾ ಬಿಟ್ಟು ಈ ದೂರ ದಾಟುವುದು ಅಷ್ಟು ಕಷ್ಟ.

ಈಗ ಗಾಳಿಗೆ ಬರೋಣ. ಹೋಗುವುದಕ್ಕೂ ಬರುವುದಕ್ಕೂ ಯಾಕೆ ಬೇರೆ ಬೇರೆ ಹೊತ್ತು ಅಂತ ಕೇಳಿದಿರಲ್ಲ, ಉತ್ತರ ಪೂರ್ತಿ ಇಲ್ಲೇ ಇದೆ.

ನೀವು ತುಂಗೆಯ ದಡದವರು. ಮಳೆಗಾಲದಲ್ಲಿ ಹೊಳೆ ತುಂಬಿ ಹರಿಯುವಾಗ ಹರಿಗೋಲು ನೀರಿನ ಜೊತೆ ಹೋದರೆ ಹುಟ್ಟು ಹಾಕುವ ಕೆಲಸವೇ ಇರುವುದಿಲ್ಲ. ಅದೇ ಎದುರು ಹೊಳೆಗೆ ತಿರುಗಿಸಿ ನೋಡಿ, ರಟ್ಟೆ ಬಿದ್ದುಹೋಗುತ್ತದೆ. ಆಕಾಶದಲ್ಲೂ ಒಂಬತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ ಇಂಥ ಹೊಳೆಗಳಿವೆ. ಜೆಟ್ ಸ್ಟ್ರೀಮ್ ಅಂತ ಹೆಸರು. ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತವೆ. ಉತ್ತರದ ಚಳಿಗೂ ದಕ್ಷಿಣದ ಬಿಸಿಗೂ ಅಂತರ ಹೆಚ್ಚಾದಷ್ಟೂ ಇವುಗಳ ರಭಸ ಜಾಸ್ತಿ, ಹಾಗಾಗಿ ಚಳಿಗಾಲದಲ್ಲೇ ಇವುಗಳ ಪ್ರವಾಹ. ಜಪಾನ್ ಮೇಲೆ ಜನವರಿಯಲ್ಲಿ ಗಂಟೆಗೆ 250–300 ಕಿ.ಮೀ. ವೇಗದ ಗಾಳಿ ಸಾಮಾನ್ಯ ಸಂಗತಿ.

ವಿಮಾನ ತನ್ನ ಪಾಡಿಗೆ ಗಂಟೆಗೆ ಸುಮಾರು 900 ಕಿ.ಮೀ. ಹಾರುತ್ತದೆ, ಸುತ್ತಲಿನ ಗಾಳಿಗೆ ಹೋಲಿಸಿ. ಬೆನ್ನಿಗೆ ಸರಾಸರಿ 100 ಕಿ.ಮೀ. ಗಾಳಿ ಸಿಕ್ಕರೆ ನೆಲದ ಲೆಕ್ಕದಲ್ಲಿ 1,000. ಆಗ 14,000 ಕಿ.ಮೀ.ಗೆ 14 ಗಂಟೆ. ಅದೇ ಗಾಳಿ ಎದುರಿಗೆ ಬಂದರೆ 800, ಅಂದರೆ ಹದಿನೇಳೂವರೆ ಗಂಟೆ. ಒಂದೇ ದೂರ, ಒಂದೇ ವಿಮಾನ, ಮೂರೂವರೆ ಗಂಟೆ ವ್ಯತ್ಯಾಸ. ಇದಕ್ಕೇ ಡಿಸ್ಪ್ಯಾಚರ್ ಆದವನು ಕಿಲೋಮೀಟರ್ ನೋಡುವುದಿಲ್ಲ, ನಿಮಿಷ ನೋಡುತ್ತಾನೆ. ಹೊಸದಾಗಿ ಕೆಲಸಕ್ಕೆ ಸೇರಿದಾಗ ನನ್ನ ಮೇಲಿನವರು ಹವಾಮಾನದ ನಕ್ಷೆಯ ಮೇಲೆ ಕೆಂಪು ಪೆನ್ಸಿಲ್‌ನಿಂದ ಜೆಟ್ ಸ್ಟ್ರೀಮ್ ತಿದ್ದಿ, ಅದರ ಪಕ್ಕದಲ್ಲಿ ನೀಲಿ ಪೆನ್ಸಿಲ್‌ನಿಂದ ದಾರಿ ಎಳೆದು ತೋರಿಸುತ್ತಿದ್ದರು. ಹೋಗುವಾಗ ನೀಲಿ ಗೆರೆ ಕೆಂಪಿನ ಮೇಲೇ ಕೂತಿರಬೇಕು, ಬರುವಾಗ ಕೆಂಪಿನಿಂದ ಆದಷ್ಟು ದೂರ ಇರಬೇಕು. ಈಗ ಕಂಪ್ಯೂಟರ್ ಅದೇ ಕೆಲಸವನ್ನು ಕ್ಷಣದಲ್ಲಿ ಮಾಡುತ್ತದೆ, ಆದರೆ ತರ್ಕ ಅದೇ.

ಇದಕ್ಕೆ ಒಂದು ನಿಜವಾದ ಉದಾಹರಣೆ ಕೊಡುತ್ತೇನೆ. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಏರ್ ಇಂಡಿಯಾ ಮೊದಲು ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು. ಸುಮಾರು 13,900 ಕಿ.ಮೀ. 2016ರ ಅಕ್ಟೋಬರ್‌ನಲ್ಲಿ ದಾರಿ ತಿರುಗಿಸಿ ಪೆಸಿಫಿಕ್ ಕಡೆಯಿಂದ ಹಾರಿಸಿದರು. ದೂರ 15,300 ಕಿ.ಮೀ. ಆಯಿತು, 1,400 ಕಿ.ಮೀ. ಜಾಸ್ತಿ. ಹೊತ್ತು ಮಾತ್ರ ಸುಮಾರು ಎರಡು ಗಂಟೆ ಕಮ್ಮಿ ಆಗಿ ಹದಿನಾಲ್ಕೂವರೆ ಗಂಟೆಗೆ ಇಳಿಯಿತು. ಭಾಗಿಸಿ ನೋಡಿ, ಗಂಟೆಗೆ 1,055 ಕಿ.ಮೀ. ಬೀಳುತ್ತದೆ. ವಿಮಾನದ ಎಂಜಿನ್ ಏನೂ ಬದಲಾಗಲಿಲ್ಲ, ಹೊಳೆಯ ಜೊತೆ ಹೋಯಿತು, ಅಷ್ಟೇ. ಬೆಂಗಳೂರಿನದೂ ಅದೇ ಕಥೆ. ಹೋಗುವಾಗ ಬಂಗಾಳ ಕೊಲ್ಲಿ, ಮ್ಯಾನ್ಮಾರ್, ಚೀನಾ, ಜಪಾನ್ ದಾಟಿ ಪೆಸಿಫಿಕ್ ಮೇಲಿನ ಗಾಳಿ ಹಿಡಿಯುವುದು ಲಾಭ, ದಾರಿ ಉದ್ದ ಆದರೂ. ಬರುವಾಗ ಆ ಗಾಳಿಗೆ ಮುಖ ಕೊಡುವುದು ನಷ್ಟ, ಅದಕ್ಕೆ ಉತ್ತರದ ಮೇಲೆ, ಗಾಳಿ ಕಮ್ಮಿ ಇರುವ ಕಡೆ ಹಾದು ಬರುವುದು. ಹಾಗಾಗಿ ನೀವು ಹೋದ ದಾರಿಯಲ್ಲೇ ವಾಪಸ್ ಬರುತ್ತೀರಿ ಅಂದುಕೊಳ್ಳಬೇಡಿ. ಸೀಟಿನ ಮುಂದಿನ ಪರದೆಯಲ್ಲಿ ನಕ್ಷೆ ಬರುತ್ತದೆ. ಎರಡೂ ಸಲ ನೋಡಿ, ಬೇರೆ ಬೇರೆ ಇರುತ್ತದೆ. ನೆಲದ ವೇಗ ಅಂತ ಒಂದು ಅಂಕಿಯೂ ತೋರಿಸುತ್ತಾರೆ. ಜಪಾನ್ ದಾಟುವಾಗ ಅದು ಸಾವಿರದ ಮೇಲೆ ಹೋದರೆ ಹೆಂಡತಿಗೂ ತೋರಿಸಿ.

ಚೀಟಿಯಲ್ಲಿರುವ 16 ಗಂಟೆ ಪೂರ್ತಿ ಆಕಾಶದಲ್ಲಿ ಕಳೆಯುವ ಹೊತ್ತಲ್ಲ. ವಿಮಾನ ನಿಂತ ಜಾಗದಿಂದ ಅಲುಗಿದ ಕ್ಷಣದಿಂದ ಅಲ್ಲಿ ಹೋಗಿ ನಿಲ್ಲುವ ತನಕದ್ದು. ಬ್ಲಾಕ್ ಟೈಮ್ ಅನ್ನುತ್ತಾರೆ. ಅದರಲ್ಲಿ ಅರ್ಧ ಗಂಟೆಯಾದರೂ ನೆಲದ ಮೇಲೆ ಸಾಗುವುದಕ್ಕೇ ಹೋಗುತ್ತದೆ. ಜೊತೆಗೆ ಕಂಪನಿಗಳು ಸ್ವಲ್ಪ ಹೊತ್ತು ಹೆಚ್ಚಿಗೆ ಸೇರಿಸಿ ಬರೆದಿರುತ್ತವೆ. ಹಾಗಾಗಿ ಅರ್ಧ ಗಂಟೆ ಮುಂಚೆ ಇಳಿದರೆ ಗಾಬರಿ ಬೇಡ, ಮಗಳಿಗೂ ಹೇಳಿಡಿ.

ಇಂಧನದ ಬಗ್ಗೆ ಒಂದು ಮಾತು, ಯಾಕೆಂದರೆ ಟಿಕೆಟ್ ಬೆಲೆಗೂ ಅದಕ್ಕೂ ಸಂಬಂಧ ಇದೆ. ಮೊದಲ ನೇರ ವಿಮಾನ ಹಾರಿಸಿದ್ದು ಬೋಯಿಂಗ್ 777-200 ಎಲ್‌ಆರ್. ದೂರ ಹಾರುವುದಕ್ಕೇ ಮಾಡಿದ ವಿಮಾನ ಅದು. 2005ರ ನವೆಂಬರ್‌ನಲ್ಲಿ ಬೋಯಿಂಗ್ ಕಂಪನಿ ಅದನ್ನು ಹಾಂಗ್‌ಕಾಂಗ್‌ನಿಂದ ಪೂರ್ವಕ್ಕೇ ಹಾರಿಸಿ, ಪೆಸಿಫಿಕ್, ಅಮೆರಿಕ, ಅಟ್ಲಾಂಟಿಕ್ ಎಲ್ಲ ದಾಟಿಸಿ ಲಂಡನ್‌ನಲ್ಲಿ ಇಳಿಸಿತ್ತು. 21,602 ಕಿ.ಮೀ., 22 ಗಂಟೆ 42 ನಿಮಿಷ, ಎಲ್ಲೂ ನಿಲ್ಲದೆ. ಅದರ ಟ್ಯಾಂಕ್‌ಗಳಲ್ಲಿ 1 ಲಕ್ಷ 81 ಸಾವಿರ ಲೀಟರ್ ಇಂಧನ ಹಿಡಿಯುತ್ತದೆ. ಆದರೆ ಬೆಂಗಳೂರಿಗೆ ಒಂದು ತೊಂದರೆ ಇದೆ. ನಮ್ಮ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ 915 ಮೀಟರ್ ಎತ್ತರದಲ್ಲಿದೆ. ಎತ್ತರದಲ್ಲಿ ಗಾಳಿ ತೆಳು, ಬಿಸಿಲಿನಲ್ಲಿ ಇನ್ನೂ ತೆಳು. ತೆಳು ಗಾಳಿಯಲ್ಲಿ ರೆಕ್ಕೆಗೆ ಎತ್ತುವ ಶಕ್ತಿ ಕಮ್ಮಿ, ಎಂಜಿನ್‌ಗೂ ದಮ್ಮು ಕಮ್ಮಿ. ಸಮುದ್ರದ ಪಕ್ಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಷ್ಟು ಭಾರ ಹೊತ್ತು ಏಳುತ್ತದೋ ಇಲ್ಲಿ ಅಷ್ಟು ಹೊತ್ತು ಏಳಲಾರದು. ಹಾಗಾಗಿ ಕೆಲವು ಸಲ ಸರಕು ಇಳಿಸಬೇಕು, ಕೆಲವು ಸಲ ಸೀಟು ಖಾಲಿ ಬಿಡಬೇಕು. ಮೇಲಾಗಿ ಇಷ್ಟು ದೂರ ಹಾರುವಾಗ ಮೊದಲ ಕೆಲವು ಗಂಟೆ ಸುಡುವ ಇಂಧನದಲ್ಲಿ ಒಂದು ಪಾಲು ಮುಂದಿನ ಗಂಟೆಗಳ ಇಂಧನ ಹೊರುವುದಕ್ಕೇ ಖರ್ಚಾಗುತ್ತದೆ. ಈ ಕಾರಣಕ್ಕೆ ಇಂಥ ನೇರ ಮಾರ್ಗ ನಡೆಸುವುದು ಕಂಪನಿಗಳಿಗೆ ಯಾವಾಗಲೂ ಕಷ್ಟದ ವ್ಯಾಪಾರ. ಕೆಲವು ಕಾಲ ಇರುತ್ತದೆ, ಕೆಲವು ಕಾಲ ನಿಲ್ಲಿಸುತ್ತಾರೆ, ವಾರಕ್ಕೆ ಇಷ್ಟೇ ದಿನ ಅಂತ ಕಮ್ಮಿ ಮಾಡುತ್ತಾರೆ. ನಿಮ್ಮ ತಾರೀಕಿಗೆ ಅದು ಹಾರುವುದು ಖಚಿತವೇ ಅಂತ ಮಗಳು ಕಂಪನಿಯ ಹತ್ತಿರವೇ ಕೇಳಿ ನೋಡಲಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ನೇರವೋ, ದುಬೈಯೋ?

ಬಹಳ ಜನ ಅಂದುಕೊಳ್ಳುವುದು ಹೀಗೆ: ದುಬೈಯಲ್ಲಿ ಇಳಿದು ಹತ್ತಿದರೆ ಪ್ರಯಾಣ ಎರಡು ತುಂಡಾಗುತ್ತದೆ, ಕಾಲಿಗೆ ವಿಶ್ರಾಂತಿ ಸಿಗುತ್ತದೆ. ಅಂಕಿ ನೋಡಿ. ಬೆಂಗಳೂರು–ದುಬೈ ಸುಮಾರು 2,700 ಕಿ.ಮೀ., ನಾಲ್ಕು ಗಂಟೆ. ದುಬೈ–ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 13,000 ಕಿ.ಮೀ., ಹದಿನಾರು ಗಂಟೆಯ ಹತ್ತಿರ. ಅಂದರೆ ನೇರ ವಿಮಾನದಷ್ಟೇ ಉದ್ದದ ಕೂರಾಟ ಹಾಗೇ ಉಳಿಯಿತು, ಅದರ ಮೇಲೆ ನಾಲ್ಕು ಗಂಟೆಯ ಇನ್ನೊಂದು ವಿಮಾನ, ನಡುವೆ ಮೂರು ಗಂಟೆ ಕಾಯುವುದು ಸೇರಿತು. ಮಂಡಿ ನೋವಿಗೆ ಇದರಿಂದ ಏನೂ ಲಾಭ ಇಲ್ಲ. ಸಿಂಗಾಪುರದ ಕಥೆಯೂ ಅದೇ, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋ 13,600 ಕಿ.ಮೀ. ಹತ್ತಿರ. ಟಿಕೆಟ್ ಅಗ್ಗ ಸಿಕ್ಕಿದೆ ಅಂತ ದುಬೈ ಆರಿಸಿಕೊಂಡರೆ ಅದು ಬೇರೆ ಮಾತು, ಆದರೆ ಆರಾಮಕ್ಕೆ ಅಂತ ಆರಿಸಿಕೊಳ್ಳಬೇಡಿ.

ನಿಜವಾಗಿ ಸಮನಾಗಿ ತುಂಡಾಗಬೇಕು ಅಂದರೆ ನಡುವಿನ ಊರು ನಡುವೆಯೇ ಇರಬೇಕು. ಫ್ರಾಂಕ್‌ಫರ್ಟ್ ಮೇಲೆ ಹೋದರೆ 7,400 ಮತ್ತು 9,100 ಕಿ.ಮೀ., ಹತ್ತು ಗಂಟೆ ಒಂದು, ಹನ್ನೊಂದೂವರೆ ಗಂಟೆ ಇನ್ನೊಂದು. ಲಂಡನ್ನೂ ಹೆಚ್ಚುಕಮ್ಮಿ ಹಾಗೇ. ನನಗೆ ಎಲ್ಲಕ್ಕಿಂತ ಇಷ್ಟದ್ದು ಟೋಕಿಯೋ. ಬೆಂಗಳೂರಿನಿಂದ ಟೋಕಿಯೋದ ನರಿಟಾ ವಿಮಾನ ನಿಲ್ದಾಣಕ್ಕೆ ಜಪಾನ್ ಏರ್‌ಲೈನ್ಸ್ ನೇರ ಹಾರುತ್ತದೆ. ಸುಮಾರು 6,700 ಕಿ.ಮೀ. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋ 8,200 ಕಿ.ಮೀ. ಕೂಡಿಸಿದರೆ 14,900. ಅತಿ ಹತ್ತಿರದ ದಾರಿಗಿಂತ 900 ಕಿ.ಮೀ. ಮಾತ್ರ ಜಾಸ್ತಿ. ಮೂಸಂಬಿಯ ಮೇಲೆ ಟೋಕಿಯೋ ಗುರುತು ಹಾಕಿದರೆ ಅದು ದಾರದಿಂದ ದೂರ ದಕ್ಷಿಣಕ್ಕೇ ಬೀಳುತ್ತದೆ, ಆದರೂ ಸುತ್ತು ಇಷ್ಟೇ. ಜನವರಿಯ ಗಾಳಿಯೂ ಎರಡೂ ತುಂಡಿಗೆ ಬೆನ್ನಿಗೇ ಸಿಗುತ್ತದೆ. ಎಂಟು ಗಂಟೆ ಒಂದು, ಒಂಬತ್ತು-ಒಂಬತ್ತೂವರೆ ಇನ್ನೊಂದು. ವಾಪಸ್ ಬರುವಾಗ ಮಾತ್ರ ಅದೇ ಗಾಳಿ ಎದುರಾಗಿ ಎರಡೂ ತುಂಡು ಒಂದೂವರೆ-ಎರಡು ಗಂಟೆ ಎಳೆಯುತ್ತದೆ, ಅದನ್ನು ಲೆಕ್ಕದಲ್ಲಿಡಿ.

ಹಾಗಾದರೆ ನನ್ನ ಸಲಹೆ? ಮೊದಲ ಸಲ ಹೋಗುವ ಹಿರಿಯರಿಗೆ, ಬೇರೆ ಊರಿನಲ್ಲಿ ಗೇಟು ಹುಡುಕುವ, ಟರ್ಮಿನಲ್ ಬದಲಿಸುವ ತಾಪತ್ರಯ ಬೇಡ ಅನ್ನುವವರಿಗೆ ನೇರ ವಿಮಾನವೇ ಸರಿ, ಓಡಾಡುವ ದಾರಿಯ ಪಕ್ಕದ ಸೀಟು ಸಿಗುವ ಹಾಗಿದ್ದರೆ. ನಿಮ್ಮ ಹೆಂಡತಿಗೆ ಒಂದೇ ಕಡೆ 16 ಗಂಟೆ ಕೂರುವುದು ಆಗುವುದೇ ಇಲ್ಲ ಅಂತಿದ್ದರೆ ಟೋಕಿಯೋ ಅಥವಾ ಫ್ರಾಂಕ್‌ಫರ್ಟ್ ನೋಡಿ. ಟಿಕೆಟ್ ತೆಗೆಯುವ ಮುಂಚೆ ಆ ದೇಶದ ಟ್ರಾನ್ಸಿಟ್ ವೀಸಾ ನಿಯಮ ಒಂದು ಸಲ ವಿಚಾರಿಸಿ. ದುಬೈ ನನ್ನ ಪಟ್ಟಿಯಲ್ಲಿ ಕೊನೆಗೆ.

ಮತ್ತೆ ನಡುವೆ ಇಳಿಯುವುದಾದರೆ, ದಯವಿಟ್ಟು ಮೂರು ಗಂಟೆಯಾದರೂ ಅಂತರ ಇರುವ ಟಿಕೆಟ್ ತಗೊಳ್ಳಿ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ನಮ್ಮ ಅಮ್ಮ ಅಣ್ಣನ ಮನೆಗೆ ಹೊರಟಾಗ ಒಂದು ಗಂಟೆ ಹತ್ತು ನಿಮಿಷದ ಅಂತರದ ಟಿಕೆಟ್ ತೆಗೆದಿದ್ದೆವು. ಕಂಪನಿಯ ನಿಯಮದ ಪ್ರಕಾರ ಅದು ಸಾಕಾಗುತ್ತದೆ ಅಂತಲೇ ಇತ್ತು. ಮೊದಲ ವಿಮಾನ ನಲವತ್ತು ನಿಮಿಷ ತಡವಾಯಿತು. ಆ ದೊಡ್ಡ ನಿಲ್ದಾಣದಲ್ಲಿ ರೈಲು ಹತ್ತಿ ಇನ್ನೊಂದು ಟರ್ಮಿನಲ್‌ಗೆ ಹೋಗಬೇಕು. ಅಮ್ಮ ಗೇಟು ಮುಟ್ಟುವ ಹೊತ್ತಿಗೆ ಬಾಗಿಲು ಹಾಕಿದ್ದರು. ಮುಂದಿನ ವಿಮಾನಕ್ಕೆ ಒಂಬತ್ತು ಗಂಟೆ. ಫೋನಿನಲ್ಲಿ ಅಲ್ಲಿನ ಸಿಮ್ ಇಲ್ಲ, ಕನ್ನಡ ಬಿಟ್ಟರೆ ಅವರಿಗೆ ಬೇರೆ ಮಾತು ಬರುವುದಿಲ್ಲ, ಔಷಧಿ ಸೂಟ್‌ಕೇಸಿನಲ್ಲಿ. ಕೊನೆಗೆ ಅಲ್ಲಿ ಕಸ ಗುಡಿಸುತ್ತಿದ್ದ ಮಂಗಳೂರಿನ ಹೆಂಗಸೊಬ್ಬರು ಅಮ್ಮನ ಸೀರೆ ನೋಡಿ ಬಂದು ಮಾತಾಡಿಸಿ, ತಮ್ಮ ಫೋನಿನಿಂದ ನಮಗೆ ಕರೆ ಮಾಡಿದರು. ಆ ಒಂಬತ್ತು ಗಂಟೆ ನಮಗೆ ಇಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಆಮೇಲಿಂದ ಯಾರಿಗೂ ಮೂರು ಗಂಟೆಗಿಂತ ಕಮ್ಮಿ ಅಂತರದ ಟಿಕೆಟ್ ತೆಗೆಯಲು ನಾನು ಬಿಡುವುದಿಲ್ಲ. ಎರಡೂ ವಿಮಾನ ಒಂದೇ ಟಿಕೆಟ್‌ನಲ್ಲಿ ಇರಬೇಕು, ಇದೂ ಅಷ್ಟೇ ಮುಖ್ಯ. ಹಾಗಿದ್ದರೆ ತಪ್ಪಿಹೋದ ವಿಮಾನದ ಬದಲು ಇನ್ನೊಂದಕ್ಕೆ ಹತ್ತಿಸುವ ಹೊಣೆ ಕಂಪನಿಯದು. ಎರಡು ಬೇರೆ ಬೇರೆ ಟಿಕೆಟ್ ಆದರೆ ಯಾರೂ ಕೇಳುವವರಿಲ್ಲ.

ಮಂಡಿಗೆ ಮತ್ತು ಸಕ್ಕರೆಗೆ. ಗಾಲಿಕುರ್ಚಿ ಬೇಕು ಅಂತ ಕನಿಷ್ಠ 48 ಗಂಟೆ ಮುಂಚೆಯೇ ಬರೆಸಿಡಿ, ಹೋಗುವಾಗಲೂ ಬರುವಾಗಲೂ. ಇದರಲ್ಲಿ ಸಂಕೋಚ ಬೇಡವೇ ಬೇಡ. ಹಿಡಿದುಕೊಂಡು ಹೋಗುವವರು ಒಬ್ಬರು ಜೊತೆಗಿದ್ದರೆ ಇಮಿಗ್ರೇಶನ್ ಸಾಲಿನಲ್ಲೂ ದಾರಿ ಗೊತ್ತಾಗುತ್ತದೆ, ನೀವೂ ಅವರ ಹಿಂದೆಯೇ ಹೋಗಬಹುದು. ವಿಮಾನದಲ್ಲಿ ಒಂದೂವರೆ-ಎರಡು ಗಂಟೆಗೊಮ್ಮೆ ಇಬ್ಬರೂ ಎದ್ದು ಹಿಂದಿನ ತನಕ ನಡೆದು ಬನ್ನಿ. ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸುತ್ತಿರಿ. ಇಷ್ಟು ಹೊತ್ತು ಕದಲದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇರುತ್ತದೆ, ವಯಸ್ಸಾದವರಿಗೆ ಇನ್ನೂ ಜಾಸ್ತಿ. ನೀರು ಕೇಳಿ ಕೇಳಿ ಕುಡಿಯಿರಿ. ಶೌಚಾಲಯಕ್ಕೆ ಏಳಬೇಕಾಗುತ್ತದೆ ಅಂತ ನೀರು ಬಿಡುವವರು ನಮ್ಮಲ್ಲಿ ಬಹಳ, ಅದು ತಪ್ಪು.

ಸಕ್ಕರೆ ಮಾತ್ರೆಯ ಅಥವಾ ಇನ್ಸುಲಿನ್‌ನ ಹೊತ್ತನ್ನು ಹೊರಡುವ ಮುಂಚೆ ನಿಮ್ಮ ಡಾಕ್ಟರ್ ಹತ್ತಿರ ಕೂತು ಬರೆಸಿಕೊಳ್ಳಿ. ಅವರಿಗೆ ಹೀಗೆ ಹೇಳಿ: ಊಟದ ಹೊತ್ತುಗಳು ಏರುಪೇರಾಗುತ್ತವೆ, ಹದಿಮೂರೂವರೆ ಗಂಟೆ ಗಡಿಯಾರ ಹಿಂದೆ ಹೋಗುತ್ತದೆ, ಪ್ರಯಾಣ ಹದಿನಾರು ಗಂಟೆ. ಅಷ್ಟು ಹೇಳಿದರೆ ಅವರು ಲೆಕ್ಕ ಹಾಕಿ ಕೊಡುತ್ತಾರೆ. ಔಷಧಿ ಪೂರ್ತಿ ಕೈಚೀಲದಲ್ಲೇ ಇರಲಿ, ಡಾಕ್ಟರ ಚೀಟಿ ಸಮೇತ. ಇನ್ಸುಲಿನ್ ಇದ್ದರೆ ಅದನ್ನು ಸರಕಿನ ಸೂಟ್‌ಕೇಸಿಗೆ ಹಾಕಲೇಬೇಡಿ, ಚಳಿಗೆ ಹಾಳಾಗಬಹುದು. ಉಪ್ಪಿನಕಾಯಿ ಮಾತ್ರ ಸೂಟ್‌ಕೇಸಿಗೆ ಹೋಗಲಿ, ಕೈಚೀಲದಲ್ಲಿ ಬಿಡುವುದಿಲ್ಲ. ಹಸಿ ಹಣ್ಣು, ತರಕಾರಿ, ಬೀಜ ತಗೊಂಡು ಹೋಗಬೇಡಿ. ತಿಂಡಿ ಏನೇ ಇದ್ದರೂ ಅಲ್ಲಿನ ಕಸ್ಟಮ್ಸ್‌ನವರು ಕೇಳಿದಾಗ ಇದೆ ಅಂತಲೇ ಹೇಳಿ.

ಕೊನೆಗೆ ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ಎಷ್ಟು ಹೊತ್ತು ಅಂತ ಕೂಡಿಸೋಣ, ಯಾಕೆಂದರೆ ನಿಮ್ಮ ದೇಹಕ್ಕೆ ತಿಳಿಯುವುದು ಆ ಲೆಕ್ಕ ಮಾತ್ರ. ಶಿವಮೊಗ್ಗದಿಂದ ದೇವನಹಳ್ಳಿಗೆ ರಸ್ತೆಯಲ್ಲಿ ಆರೇಳು ಗಂಟೆ. ವಿಮಾನಕ್ಕೆ ಮೂರು ಗಂಟೆ ಮುಂಚೆ. ಹಾರಾಟ ಹದಿನಾರು. ಅಲ್ಲಿ ಇಮಿಗ್ರೇಶನ್, ಸಾಮಾನು, ಕಾರು ಎಲ್ಲ ಸೇರಿ ಎರಡು ಗಂಟೆ. ಒಟ್ಟು 27–28 ಗಂಟೆ ಆಯಿತು. ಮಧ್ಯಾಹ್ನದ ವಿಮಾನಕ್ಕೆ ಶಿವಮೊಗ್ಗದಿಂದ ನಡುರಾತ್ರಿ ಹೊರಡುವುದು ಬೇಡ. ಹಿಂದಿನ ದಿನವೇ ಬಂದು ಬೆಂಗಳೂರಿನಲ್ಲಿ ನೆಂಟರ ಮನೆಯಲ್ಲೋ, ದೇವನಹಳ್ಳಿ ಹತ್ತಿರದ ಒಂದು ರೂಮಿನಲ್ಲೋ ಮಲಗಿ ಎದ್ದು ಹೋಗಿ. ಶಿವಮೊಗ್ಗದಲ್ಲಿ 2023ರಿಂದ ವಿಮಾನ ನಿಲ್ದಾಣ ಇದೆ. ಬೆಂಗಳೂರಿಗೆ ಹಿಂದಿನ ದಿನದ ವಿಮಾನ ಹೊಂದಿದರೆ ಅದೂ ಒಂದು ದಾರಿ. ಆದರೆ ಅದೇ ದಿನದ ವಿಮಾನಕ್ಕೆ ಕಟ್ಟಿಕೊಳ್ಳಬೇಡಿ, ಮೋಡ ಮಂಜು ಬಂದರೆ ತಪ್ಪಿಹೋಗುತ್ತದೆ.

ಇಳಿದ ದಿನ ಅಲ್ಲಿ ಸಂಜೆ 5 ಆಗಿರುತ್ತದೆ, ಜನವರಿಯಲ್ಲಿ ಸೂರ್ಯ ಮುಳುಗುವ ಹೊತ್ತು. ನಿಮ್ಮ ಮೈಗೆ ಮಾತ್ರ ಅದು ಮರುದಿನ ಬೆಳಿಗ್ಗೆ 6:30. ನಿದ್ದೆ ಬಂದರೂ ಅಲ್ಲಿನ ರಾತ್ರಿ ಎಂಟೂವರೆ-ಒಂಬತ್ತರ ತನಕ ತಡೆದುಕೊಳ್ಳಿ, ಮಗಳು ಮಾಡಿದ ಸಾರು ಅನ್ನ ಉಂಡು ಆಮೇಲೆ ಮಲಗಿ. ಊರಿಗೆ ಫೋನ್ ಮಾಡುವುದಕ್ಕೆ ಸಂಜೆ 5 ಒಳ್ಳೆಯ ಹೊತ್ತು. ಇಲ್ಲಿ ಎಲ್ಲರೂ ಎದ್ದು ಕಾಫಿ ಕುಡಿಯುತ್ತಿರುತ್ತಾರೆ.